ಗುಡೇಕೋಟೆ ಬಾವಿಯ ಶೌರ್ಯ ಪದಕ

ಯೂಸುಫ್ ಸಾಬನ ಹೆಣ ಸಿಕ್ಕಿದ್ದು ಪಾತಾಳಗರಡಿಗೆ.

ಬಾವಿಗೆ ಬಿದ್ದ ಕೊಡ ತೆಗೆಯುವ ಕಬ್ಬಿಣದ ಕೊಕ್ಕೆ ಅದು. ಈಜು ಕಲಿಸುವ ಬೇಸಿಗೆ ಶಿಬಿರದ ಅಡುಗೆಯವ ಓಬಣ್ಣ ಅದನ್ನು ಹಗ್ಗಕ್ಕೆ ಕಟ್ಟಿ, ಗುಡೇಕೋಟೆಯ ಹಳೇ ಬಾವಿಗೆ ಇಳಿಬಿಟ್ಟು, ತಳ ಕೆದಕಿ ಕೆದಕಿ ಕೊನೆಗೆ "ತೂಕ ಬಂತು" ಅಂದ. ಮೇಲಿದ್ದವರು ಹಗ್ಗ ಹಿಡಿದು ಜಗ್ಗಿದರು. ಮೊದಲು ಕಂಡದ್ದು ಖಾಕಿ ಅಂಗಿಯ ಬೆನ್ನು. ಆ ಅಂಗಿ ಹೊಲಿದುಕೊಂಡವ ಅವನೇ. ಸುತ್ತ ನಿಂತ ಬಾಲಸೇವಾ ಪಡೆಯ ಹುಡುಗರ ಮೈಮೇಲಿನ ಖಾಕಿ ಹೊಲಿದವನೂ ಅವನೇ.

ತಮ್ಮ ರಹಿಮಾನ್ ಕೊಟ್ಟೂರಿನಿಂದ ಲಾರಿ ಹತ್ತಿ ಬರುವಷ್ಟರಲ್ಲಿ ಅಣ್ಣನನ್ನು ಬೇವಿನ ಮರದಡಿ ಮಲಗಿಸಿ, ಮುಖದ ಮೇಲೆ ಪಡೆಯ ನೀಲಿ ಕೊರಳವಸ್ತ್ರ ಹೊದಿಸಿದ್ದರು. ರಹಿಮಾನ್ ಅಳಲಿಲ್ಲ. ಅಣ್ಣನ ಪಾದ ನೋಡುತ್ತ ನಿಂತ. ಅಂಗಾಲು ಬೆಳ್ಳಗೆ ಸುಕ್ಕಾಗಿತ್ತು. ಪಕ್ಕದಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದರು.

"ರೋಜಾ ಇದ್ದ ನೋಡ್ರಿ. ಬಿಸಿಲು ಬ್ಯಾರೆ. ತಲಿ ತಿರುಗೈತಿ. ಹುಡುಗನ ಬೆನ್ನಿಗೆ ಬೆಂಡು ಸರಿ ಕಟ್ಟಿಲ್ಲ, ನೀರಾಗ ಗಂಟು ಬಿಚ್ಚಿ ಹೋತು. ಅದನ್ನ ನೋಡಿ ಗಾಬರಿಯಾಗಿ ತಾನೂ ದಂಡಿ ಮ್ಯಾಲಿಂದ ಬಿದ್ದ."

"ಹುಡುಗ?"

"ಉಳಿದ. ಕರಿಸಿದ್ದಪ್ಪ ಸಾವ್ಕಾರ್ರು ಹಾರಿ ಎತ್ತಿದ್ರು."

ಪೊಲೀಸರೂ ಅದನ್ನೇ ಬರೆದುಕೊಂಡರು. ಅದು ಎಂಬತ್ತಾರರ ಮೇ ತಿಂಗಳು, ರಂಜಾನ್.

*

ಜೂನ್ ಬಂತು. ಶಾಲೆ ಶುರುವಾಗುವ ಹೊತ್ತು. ಬೇರೆ ವರ್ಷವಾದರೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಓಣಿಯ ಆ ಚಿಕ್ಕ ಅಂಗಡಿಯಲ್ಲಿ ಚಡ್ಡಿ, ಲಂಗದ ಬಟ್ಟೆ ಎದೆಮಟ್ಟ ಬೀಳಬೇಕು. ಈ ಸಲ ಯಾರೂ ಬರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಒಬ್ಬ ಕೇಳಿಸುವಂತೆಯೇ ಅಂದ: "ಗಂಟು ಕಟ್ಟಾಕ ಬರದವರು ಗುಂಡಿ ಏನ್ ಹಚ್ಚತಾರಲೇ?" ನಾಲ್ಕು ಜನ ನಕ್ಕರು. ರಹಿಮಾನ್ ಮೆಷಿನ್ನಿಗೆ ಎಣ್ಣೆ ಬಿಟ್ಟ. ಮರುದಿನವೂ ಬಿಟ್ಟ. ಏಳನೇ ಇಯತ್ತೆ ಬಿಟ್ಟು ಅಣ್ಣನ ಪಕ್ಕ ಈ ಸ್ಟೂಲಿನ ಮೇಲೆ ಕೂತವ ಅವನು. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಜೋಹರಾಬಿ ಇದ್ದತ್ ಕೂತಿದ್ದಳು. ಗಂಡ ಸತ್ತ ಮೇಲಿನ ಆ ನಾಲ್ಕು ಚಿಲ್ಲರೆ ತಿಂಗಳು ಹೆಂಗಸು ಹೊಸ್ತಿಲು ದಾಟುವಂತಿಲ್ಲ. ರಹಿಮಾನ್ ಊಟಕ್ಕೆ ಹೋದಾಗೆಲ್ಲ ಒಂದೇ ಮಾತು ಕೇಳುತ್ತಿದ್ದಳು.

"ಖರೇನ ಗಂಟು ಬಿಚ್ಚಿತ್ತೇನೋ?"

"ಗೊತ್ತಿಲ್ಲ ಭಾಭಿ."

"ಅವರ ಕೈಯಾಗಿನ ಗಂಟು ನಾನು ಹಲ್ಲು ಹಚ್ಚಿದ್ರೂ ಬಿಚ್ಚತಿರಲಿಲ್ಲ."

ಅವನು ರೊಟ್ಟಿ ಮುರಿಯುತ್ತಿದ್ದ.

ಜುಲೈ ಮಳೆಯಲ್ಲಿ ಒಂದು ಮುಂಜಾನೆ ದಪ್ಪನೆಯ ಹೆಂಗಸೊಬ್ಬಳು ಅಂಗಡಿಯ ಕಟ್ಟೆ ಹತ್ತಿ ಕೊಡೆ ಮುಂದಿಟ್ಟಳು.

"ಇದಕ್ಕೊಂದು ಹೊಲಿಗೆ ಹಾಕ್ತೀಯೇನಪ್ಪ? ಬಟ್ಟೆ ಕಡ್ಡಿ ಬಿಟ್ಟೈತೆ."

ತಿಂಗಳಲ್ಲಿ ಬಂದ ಮೊದಲ ಗಿರಾಕಿ. ಅವನು ಸೂಜಿ ಪೋಣಿಸಿದ. ಅವಳು ಕೇಳದೇ ಸ್ಟೂಲು ಎಳೆದುಕೊಂಡು ಕೂತಳು.

"ನಾನು ಭರಮಮ್ಮ. ಹರಪನಹಳ್ಳಿ. ದವಾಖಾನೆಯಾಗೆ ನರ್ಸ್ ಆಗಿದ್ದೆ, ಈಗ ರಿಟೈರು. ಬಾಲಸೇವಾ ಪಡೆ ಜಿಲ್ಲಾ ಸಮಿತಿಯೋರು ಕಳಿಸ್ಯಾರೆ. ನಿಮ್ಮೂರ ಕರಿಸಿದ್ದಪ್ಪ ಸಾವ್ಕಾರ್ರಿಗೆ ಶೌರ್ಯ ಪದಕ ಕೊಡ್ರಿ ಅಂತ ಶಿಫಾರಸು ಬಂದೈತೆ. ಕೊಡೋಕೆ ಮುಂಚೆ ಒಬ್ಬರು ಬಂದು ಕೇಳಿ ನೋಡ್ಬೇಕು, ಅದು ಕಟ್ಟಳೆ."

ಸೂಜಿ ನಿಂತಿತು. ಮತ್ತೆ ನಡೆಯಿತು.

"ಕೊಡ್ರಿ" ಅಂದ ರಹಿಮಾನ್.

"ಕೊಡ್ಲಾ?"

"ನಾ ಬ್ಯಾಡಂದ್ರ ನಿಲ್ಲಸ್ತೀರೇನು?"

"ನಿಲ್ಲಿಸ್ತೀನಿ. ಕಾರಣ ಹೇಳು."

ರಹಿಮಾನ್ ಹೊಲಿಗೆ ಮುಗಿಸಿದ. ದಾರ ಕಚ್ಚಿ ಕತ್ತರಿಸಿದ.

"ನಿಮ್ಮಣ್ಣ ಎಷ್ಟು ವರ್ಷದಿಂದ ಪಡೆಯಾಗಿದ್ದ?"

"ನಾ ಚಡ್ಡಿ ಏರಿಸ್ಕಳ್ಳಾಕ ಕಲ್ತಾಗಿಂದ್ರಿ."

"ಅವನಿಗೆ ಯಾವುದಾದ್ರೂ ಪದಕ?"

"ಒಂದೆರಡು ಸಲ ಚಾ ಕುಡಿಸಿದ್ರು."

ಭರಮಮ್ಮ ನಗಲಿಲ್ಲ. "ಈಜು ಬರ್ತಿತ್ತಾ?"

"ಕೊಟ್ಟೂರಿನ ಅರ್ಧ ಹುಡುಗರು ಅವನ ಕೈಯಾಗ ಕಲ್ತಾರ. ಕತ್ತಾಳಿ ಬೆಂಡು ಬೆನ್ನಿಗಿ ಕಟ್ಟಿ ಬಾವಿಗಿ ತಳ್ಳತಿದ್ದ. ಬೆಂಡು ತೇಲ್ತೈತಿ, ಹುಡುಗ ತೇಲ್ತಾನ."

"ಅಂಥಾ ಈಜುಗಾರ ನೀರಿಗೆ ಬಿದ್ರೆ ಯಾಕೆ ಮುಳುಗ್ತಾನೆ?"

ಎರಡು ತಿಂಗಳಾಗಿತ್ತು. ಈ ಮಾತನ್ನು ಊರಲ್ಲಿ ಒಬ್ಬರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ರೋಜಾ ಇದ್ದ" ಅಂದ, ಊರು ಹೇಳಿದ್ದನ್ನೇ.

"ರೋಜಾ ಇದ್ದೋರು ಈಜ್‌ಬಾರದೇನು?"

"ತಲಿ ಮುಳುಗಸಂಗಿಲ್ರಿ. ಮೂಗಿನಾಗ ಬಾಯಾಗ ನೀರು ಹೋದ್ರ ರೋಜಾ ಮುರೀತೈತಿ. ಅದಕ್ಕ ಆ ತಿಂಗಳು ಅಣ್ಣ ದಂಡಿ ಮ್ಯಾಲೆ ಕುಂತು ಕಲಸ್ತಿದ್ದ. ನೀರಿಗಿ ಇಳೀತಿರಲಿಲ್ಲ. ಶಿಬಿರದಾಗ ಎಲ್ಲಾರಿಗೂ ಗೊತ್ತಿತ್ತು."

"ಎಲ್ಲರಿಗೂ?"

"ಎಲ್ಲಾರಿಗೂ."

ಅವಳು ಕೊಡೆ ಬಿಚ್ಚಿ, ಮುಚ್ಚಿ, ಹೊಲಿಗೆ ನೋಡಿದಳು. "ಗಟ್ಟಿ ಐತೆ. ಅಂಗಡಿ ಮುಚ್ಚು. ನನಗೆ ಊರು ಗೊತ್ತಿಲ್ಲ, ದಾರಿ ತೋರಿಸು."

*

ಪಡೆಯ ಕಚೇರಿ ಅಂದರೆ ಕರಿಸಿದ್ದಪ್ಪನ ಶೇಂಗಾ ಮಂಡಿಯ ಮೇಲಿನ ಕೋಣೆ. ಕರಿಸಿದ್ದಪ್ಪ ಊರಿನ ಪಡೆಯ ಮುಖ್ಯಸ್ಥ, ಆಳೂ ಎತ್ತರ, ದನಿಯೂ ಎತ್ತರ. ಕಾರ್ಯದರ್ಶಿ ಸೋಮಪ್ಪ ಅವನದೇ ಮಂಡಿಯ ಗುಮಾಸ್ತ. ಸಾವ್ಕಾರ ಸೀನುವ ಮೊದಲೇ ಕರವಸ್ತ್ರ ಹಿಡಿದು ನಿಲ್ಲುವ ಮನುಷ್ಯ.

"ಬರ್ರಿ ಬರ್ರಿ ಅಮ್ಮಾರ. ಸೋಮಪ್ಪಾ, ಚಾ ತರ್ಸು."

"ಹೇಳಿ ಕಳಿಸೀನ್ರಿ" ಅಂದ ಸೋಮಪ್ಪ. ಕಳಿಸಿಯೇ ಇದ್ದ. ಚಹಾ ಮೆಟ್ಟಿಲು ಹತ್ತುತ್ತಿತ್ತು.

ಭರಮಮ್ಮ ಕೂತಳು. ರಹಿಮಾನ್ ಬಾಗಿಲ ಬಳಿ ನಿಂತ. ಅವನಿಗೆ ಯಾರೂ ಕೂಡು ಅನ್ನಲಿಲ್ಲ.

"ಶಿಫಾರಸು ಆದೋರಿಗೆ ಆ ವಿಷಯ ಗೊತ್ತಾಗಬಾರದು ಅಂತ ನಮ್ಮಲ್ಲಿ ಕಟ್ಟಳೆ ಐತೆ" ಅಂದಳು.

ಕರಿಸಿದ್ದಪ್ಪ ಹೊಟ್ಟೆ ಕುಣಿಸಿ ನಕ್ಕ. "ನನಗೇನೂ ಗೊತ್ತಿಲ್ಲ ಬಿಡ್ರಿ! ಬರೇ ಕೊಟ್ಟೂರಿಗೆ ಗೊತ್ತು."

"ಆವತ್ತು ಏನಾಯ್ತು?"

"ಏನೈತ್ರಿ ಅದ್ರಾಗ. ಹುಡುಗ 'ಯಪ್ಪಾ' ಅಂದ. ನೋಡ್ತೀನಿ, ಬೆಂಡು ಒಂದು ಕಡಿ, ಹುಡುಗ ಒಂದು ಕಡಿ. ಹಾರಿದೆ. ಎತ್ತಿದೆ."

"ಎಲ್ಲಿಂದ ಹಾರಿದ್ರಿ?"

ಕರಿಸಿದ್ದಪ್ಪ ಸೋಮಪ್ಪನ ಮುಖ ನೋಡಿದ. ಸೋಮಪ್ಪ ಹೇಳಿದ: "ಕೆಳಗಿನ ಮೆಟ್ಟಿಲ ಮ್ಯಾಲಿಂದ್ರಿ. ಸಾವ್ಕಾರ್ರು ಅಲ್ಲೇ ನಿಂತಿದ್ರು."

"ಯಾಕೆ ನಿಂತಿದ್ರು? ಮುಖ್ಯಸ್ಥರು ನೆಳ್ಳಾಗೆ ಕುರ್ಚಿ ಹಾಕ್ಕಂಡು ಕೂಡೋದು ನಾ ನೋಡೀನಿ."

"ನಾನ ಹೇಳಿದ್ದೆ ರೀ. ಯೂಸುಫ್ ಸಾಬ್ ರೋಜಾ ಅದಾನ, ನೀರಿಗಿ ಇಳಿಯಂಗಿಲ್ಲ, ನೀವು ಹತ್ರ ಇದ್ರ ಹುಡುಗರಿಗೆ ಧೈರ್ಯ ಅಂತ."

"ಸಾವ್ಕಾರ್ರಿಗೆ ಈಜು?"

"ಸಣ್ಣವಿದ್ದಾಗಿಂದ ಬರ್ತೈತಿ" ಅಂದ ಕರಿಸಿದ್ದಪ್ಪ, ಎದೆ ಉಬ್ಬಿಸಿ.

"ಯೂಸುಫ್ ಸಾಬ್ ಬಿದ್ದದ್ದು ಕಣ್ಣಾರೆ ನೋಡಿದ್ರಾ?"

"ದಬ್ ಅಂತ ಸಪ್ಪಳ ಕೇಳಿತ್ರಿ. ನಾ ಹುಡುಗನ ಗದ್ದಲದಾಗಿದ್ದೆ." ಅವನ ಕಣ್ಣು ಬಾಗಿಲ ಕಡೆ ಹೊರಳಿತು. "ಲೇ ರಹಿಮಾನ್, ನಿಮ್ಮ ಭಾಭಿಗೆ ಏನಾರ ಬೇಕಾದ್ರ ಕೇಳಲೇ. ನಾಚಿಕಿ ಬ್ಯಾಡ."

"ಬಟ್ಟಿ ಕಳಿಸ್ರಿ" ಅಂದ ರಹಿಮಾನ್. "ಹೊಲೀತೀವಿ."

ಕರಿಸಿದ್ದಪ್ಪ ಚಹಾ ಕುಡಿದ.

ಗೋಡೆಯ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೋ. ಅದರಲ್ಲಿ ಸಾವ್ಕಾರ ಖಾಕಿ ತೊಟ್ಟು ಧ್ವಜದ ಹಗ್ಗ ಎಳೆಯುತ್ತಿದ್ದ. ಭರಮಮ್ಮ ಎದ್ದು ಅದರ ಮುಂದೆ ನಿಂತಳು. "ಇದು ಯಾವತ್ತಿಂದು?"

"ಶಿಬಿರ ಶುರುವಾದ ದಿನದ್ದು ರೀ" ಸೋಮಪ್ಪ ಮುಂದೆ ಬಂದ. "ಚಲೋ ಬಂದೈತಿ ಅಂತ ದೊಡ್ಡದು ಮಾಡ್ಸೀನಿ. ಶಿಫಾರಸಿನ ಜೊತಿಗೂ ಒಂದು ಕಳಿಸೀನಿ."

"ಹೌದು, ನೋಡೀನಿ." ಅವಳು ಕನ್ನಡಕ ಒರೆಸಿ ಮತ್ತೆ ನೋಡಿದಳು. "ಅಂಗಿ ಚೆಂದೈತೆ."

"ದಾವಣಗೆರಿಯಾಗ ಹೊಲಿಸಿದ್ದು" ಅಂದ ಕರಿಸಿದ್ದಪ್ಪ.

ರಹಿಮಾನನೂ ಕತ್ತು ಚಾಚಿ ನೋಡಿದ. ಹೊಲಿಗೆ ಪರವಾಗಿಲ್ಲ. ಕಾಲರು ಸರಿಯಾಗಿ ಕೂತಿದೆ. ಬಲಕಿಸೆಯ ಮೇಲೆ ಎರಡು ಸಣ್ಣ ಬಿಳಿ ಗೀರು. ಫೋಟೋದ ಗೀರಿರಬೇಕು.

*

ಓಬಣ್ಣ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಮಂಡಕ್ಕಿ ಮಿರ್ಚಿ ಮಾರುತ್ತಿದ್ದ. ಭರಮಮ್ಮನನ್ನು ಕಂಡದ್ದೇ ಕೈ ಅಡ್ಡ ಹಿಡಿದ.

"ಯವ್ವಾ, ನನಗ ಏನೂ ಗೊತ್ತಿಲ್ಲ. ಈ ಜಾಗ ಸಾವ್ಕಾರ್ರದು."

"ಜಾಗದ್ದು ಯಾರು ಕೇಳಿದ್ರೋ? ಹೆಣ ತೆಗೆದೋನು ನೀನು. ಅವನ ಟೋಪಿ ಎಲ್ಲಿ ಸಿಕ್ತು?"

ಓಬಣ್ಣ ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದಿದ. "ದಂಡಿ ಮ್ಯಾಲೆ."

"ಟೋಪಿ ಒಂದೇನಾ?"

"...ಟೋಪಿಯಾಗ ಕನ್ನಡಕ ಇತ್ತು."

ಆ ಟೋಪಿ, ಆ ಕನ್ನಡಕ ಮನೆಗೆ ತಂದವ ರಹಿಮಾನನೇ. ಗೂಡಿನಲ್ಲಿ ಇಟ್ಟಿದ್ದ. ಎರಡು ತಿಂಗಳು ಅದರ ಪಕ್ಕವೇ ಊಟ ಮಾಡಿದ್ದ.

"ತಲೆ ತಿರುಗಿ ಬೀಳೋ ಮನುಷ್ಯ" ಭರಮಮ್ಮ ಮೆಲ್ಲಗೆ ಕೇಳಿದಳು, "ಕನ್ನಡಕ ತೆಗೆದು, ಟೋಪಿಯಾಗಿಟ್ಟು, ಆಮೇಲೆ ಬೀಳ್ತಾನೇನೋ?"

ಎಣ್ಣೆ ಚಟಪಟ ಅನ್ನುತ್ತಿತ್ತು. ಓಬಣ್ಣ ಅದನ್ನೇ ನೋಡುತ್ತ ಮಾತಾಡಿದ.

"ಬಿದ್ದಿಲ್ಲವ್ವ. ಹಾರಿದ. ನಾ ಒಲಿ ಹತ್ರದಿಂದ ನೋಡೀನಿ. ಹಾರಿ, ಹುಡುಗನ್ನ ಹೆಗಲಿಗಿ ಹಾಕ್ಕಂಡು ಮೆಟ್ಟಲತನಕ ತಂದ. ಸಾವ್ಕಾರ್ರು ಮೊಣಕಾಲಮಟ ನೀರಾಗ ಇಳಿದು ಹುಡುಗನ್ನ ಎಳಕಂಡ್ರು. ಹುಡುಗನ್ನ ಅಷ್ಟೇ. ಇವನ ಕೈ ಪಾಚಿ ಕಲ್ಲಿನ ಮ್ಯಾಲಿತ್ತು. ಹೊಟ್ಟ್ಯಾಗ ನೀರಿಲ್ಲ, ಕೂಳಿಲ್ಲ. ಜಾರಿದ. ಎಲ್ಲಾರೂ ಹುಡುಗನ್ನ ನೋಡತಿದ್ರು."

"ನೀನು?"

"ನಾನೂ ಹುಡುಗನ್ನ ನೋಡತಿದ್ದೆ."

"ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಇಂಥ ಹೊತ್ತಿನಲ್ಲಿ ಮನುಷ್ಯ ಕೊರಳಪಟ್ಟಿ ಹಿಡಿಯಬೇಕು. ಕುದಿಯುವ ಬಾಣಲಿ ಒದೆಯಬೇಕು. ರಹಿಮಾನನ ಕೈ ತೊಡೆಯ ಪಕ್ಕ ಜೋತುಬಿದ್ದಿತ್ತು, ಬೇರೆಯವರ ಕೈಯ ಹಾಗೆ. ಓಬಣ್ಣ ಒಂದು ಮಿರ್ಚಿ ಕಾಗದದಲ್ಲಿಟ್ಟು ಅವನ ಮುಂದೆ ಚಾಚಿದ. "ತಿನ್ನಪ್ಪ." ರಹಿಮಾನ್ ತಿಂದ. ಬಿಸಿಯಿತ್ತೋ ಖಾರವಿತ್ತೋ, ನಾಲಿಗೆಗೆ ತಿಳಿಯಲಿಲ್ಲ.

"ಪದಕ ಹೋತು ಬಿಡ್ರಿ ಹಂಗಾದ್ರ" ಅಂದ, ದಾರಿಯಲ್ಲಿ.

"ಪದಕ ಹೋಯ್ತು. ಗಂಟು ಉಳೀತಲ್ಲ."

"ಏನು?"

"ನಿಮ್ಮಣ್ಣ ಹಾರಿದ, ನಿಜ. ಆದ್ರೆ ಗಂಟು ಯಾಕೆ ಬಿಚ್ಚಿತು? ಅದಕ್ಕೆ ಉತ್ರ ಸಿಗೋತನಕ ಊರು ಏನಂತೈತೆ? ತಾನೇ ಕೆಡಿಸಿದ, ತಾನೇ ಹಾರಿದ ಅಂತೈತೆ. ನಡಿ, ನಿಮ್ಮ ಅತ್ತಿಗೆನ ನೋಡ್ಬೇಕು."

*

ಜೋಹರಾಬಿ ಬಂದವಳಿಗೆ ಚಾಪೆ ಹಾಸಿದಳು. ರಹಿಮಾನ್ ಹೊಸ್ತಿಲ ಮೇಲೆ ಕೂತ. ಓಬಣ್ಣ ಹೇಳಿದ್ದನ್ನು ಭರಮಮ್ಮ ಒಂದೂ ಬಿಡದೆ ಹೇಳಿದಳು. ಜೋಹರಾಬಿ ಕೇಳಿದಳು. ಸೆರಗು ಬಾಯಿಗೆ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದ್ದು ಅದನ್ನೇ.

"ಗಂಟು, ಅಮ್ಮಾ?"

"ಅದಕ್ಕೇ ಬಂದೀನಿ. ಶಿಬಿರಕ್ಕೆ ಮುಂಚೆ ಸಾವ್ಕಾರ್ರ ಖಾಕಿ ಅಂಗಿ ನಿಮ್ಮನೆಗೆ ಬಂದಿತ್ತಾ?"

"ಬಂದಿತ್ತಲ್ಲ." ಜೋಹರಾಬಿಗೆ ಆಶ್ಚರ್ಯವಾಯಿತು. "ಹೊಲಿಗಿಗಲ್ಲ. ಕಿಸಿ ಮ್ಯಾಲೆ ಎರಡು ದಾರದ ಕುಣಿಕಿ ಹಾಕಾಕ. ಕಾಜಾ, ಗುಂಡಿ, ಕುಣಿಕಿ ಎಲ್ಲಾ ಕೈಕೆಲಸ ಮನ್ಯಾಗ ನಂದ. ಪದಕ ಸಿಗಸಾಕಂತ. ಪಿನ್ನು ಚುಚ್ಚಿದ್ರ ಹೊಸ ಅಂಗಿಗಿ ತೂತು ಬೀಳ್ತೈತಿ, ಕುಣಿಕಿ ಇದ್ರ ಬೀಳಂಗಿಲ್ಲ. ಖಾಕಿ ದಾರ ತೀರಿತ್ತು. ಬಿಳೀದು ನಡೀತೈತಿ, ಪದಕದ ಕೆಳಗ ಮುಚ್ಚಿ ಹೋಗ್ತೈತಿ ಅಂದ್ರು."

"ಯಾವ ಕಡೆ ಕಿಸೆ?"

"ಬಲಕ್ಕ. ನಾ ಇವರನ್ನ ಕೇಳಿದೆ, ಬಲಕ್ಕ ಯಾಕಂತ. ಸಾವ್ಕಾರ್ರ ಅಂಗಿ, ಹೇಳಿದ ಕಡಿ ಹಾಕು ಅಂದ್ರು. ಇವರಿಗೆ ಯಾವ ಪದಕಾನೂ ಬಂದಿರಲಿಲ್ಲ ಅಮ್ಮಾ. ಯಾವ ಕಡಿ ಹಾಕ್ತಾರಂತ ಎಲ್ಲಿ ಗೊತ್ತಿರ್ತೈತಿ?"

ಭರಮಮ್ಮ ರಹಿಮಾನನ ಕಡೆ ತಿರುಗಿದಳು.

"ಅಂಗಿ ಅಂಗಡಿಗೆ ತಂದು ಕೊಟ್ಟೋರು ಯಾರು?"

"ನನ್ನ ಕೈಯಾಗ ಕೊಟ್ರು" ಅಂದ ರಹಿಮಾನ್. ಯಾರು ಅಂತಲೂ ಹೇಳಿದ.

ಭರಮಮ್ಮ ಮಧ್ಯಾಹ್ನದ ಬಸ್ಸಿಗೆ ಉಜ್ಜಿನಿಗೆ ಹೋದಳು. ನೀರು ಕುಡಿದು ಉಳಿದ ಹುಡುಗನನ್ನು ಅವನ ಮನೆಯವರು ಅಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು.

*

ಆ ಭಾನುವಾರ ಮಂಡಿಯ ಮೇಲಿನ ಕೋಣೆ ತುಂಬಿತ್ತು. ಪಡೆಯ ಸದಸ್ಯರು, ಓಬಣ್ಣ, ರಹಿಮಾನ್. ಸಾವ್ಕಾರ ಅದೇ ಖಾಕಿ ತೊಟ್ಟು ಬಂದಿದ್ದ. ಇವತ್ತೇ ಪ್ರಕಟಿಸುತ್ತಾರೆ ಅಂತ ಯಾರೋ ಹೇಳಿದ್ದರಂತೆ. ಸೋಮಪ್ಪ ಪೇಡೆ ತರಿಸಿದ್ದ.

"ಸಾವ್ಕಾರ್ರೇ, ನೀವು ನೀರಿಗೆ ಹಾರಿಲ್ಲ" ಅಂದಳು ಭರಮಮ್ಮ. ಪೀಠಿಕೆಯಿಲ್ಲ. "ಹುಡುಗನ್ನ ತಂದು ನಿಮ್ಮ ಕೈಗೆ ಕೊಟ್ಟೋನು ಯೂಸುಫ್ ಸಾಬ್. ನೀವು ಹುಡುಗನ್ನ ತಗಂಡ್ರಿ, ಅವನ್ನ ಬಿಟ್ರಿ. ನೋಡಿದೋರು ಇಲ್ಲೇ ಅದಾರೆ."

"ಯಾವನವ?" ಕರಿಸಿದ್ದಪ್ಪ ಗುಡುಗಿದ.

ಎಲ್ಲರೂ ನೆಲ ನೋಡಿದರು. ಓಬಣ್ಣ ಎದ್ದು ನಿಂತ. "ನಾನ್ರಿ. ಜಾಗ ಬಿಡಸ್ತೀರೇನು, ಬಿಡಸ್ರಿ."

ಕರಿಸಿದ್ದಪ್ಪ ಸೋಮಪ್ಪನ ಕಡೆ ನೋಡಿದ.

"ಅದು ಸುಳ್ಳು, ಅಷ್ಟೇ" ಭರಮಮ್ಮ ಮುಂದುವರಿದಳು. "ನಾನು ಹೇಳೋದು ಕೊಲೆ ವಿಷಯ. ಈ ಫೋಟೋ ನೋಡ್ರಿ. ದಿನಾ ನೋಡ್ತೀರಿ, ಎಲ್ಲರೂ ಸಾವ್ಕಾರ್ರ ಮುಖ ನೋಡ್ತೀರಿ. ಕಿಸೆ ನೋಡ್ರಿ. ಬಲಗಡೆ ಎರಡು ಬಿಳಿ ಗೀರು. ಗೀರಲ್ಲ, ದಾರ. ಪದಕ ಸಿಗಿಸೋ ಕುಣಿಕೆ. ಈಗ ಅವರ ಮೈಮ್ಯಾಲೆ ಇರೋ ಅಂಗೀನೂ ನೋಡ್ರಿ."

ಜನ ನೋಡಿದರು. ಕರಿಸಿದ್ದಪ್ಪನೂ ಗದ್ದ ಒತ್ತಿ ತನ್ನ ಎದೆ ನೋಡಿಕೊಂಡ.

"ನಮ್ಮ ಪಡೆಯಾಗೆ ಸೇವಾ ಪದಕ ಎಡಕ್ಕೆ ಹಾಕ್ತಾರೆ. ಬಲಕ್ಕೆ ಹಾಕೋದು ಒಂದೇ ಒಂದು, ಶೌರ್ಯ ಪದಕ. ಫೋಟೋ ತೆಗೆದದ್ದು ಶಿಬಿರ ಶುರುವಾದ ದಿನ. ಹುಡುಗ ಇನ್ನೂ ಮುಳುಗಿಲ್ಲ, ಯಾರೂ ಯಾರನ್ನೂ ಎತ್ತಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದೋರು ಯಾರು? ಸಾವ್ಕಾರ್ರು ಶೂರರಾಗ್ತಾರೆ ಅಂತ ಅವರಿಗೆ ಮೊದಲೇ ಹೆಂಗೆ ಗೊತ್ತಾಯ್ತು?"

ಮಳೆ ತಗಡಿನ ಮೇಲೆ ಬೀಳುತ್ತಿತ್ತು.

"ನಾನಾ?" ಕರಿಸಿದ್ದಪ್ಪನ ದನಿ ಈಗ ಎತ್ತರವಿರಲಿಲ್ಲ. "ದೇವ್ರಾಣಿ ಅಮ್ಮಾರ... ಪೆನ್ನು ಸಿಗಸಾಕ ಏನೋ ಹಾಕ್ಸ್ಯಾನಂತ..."

"ಯಾರು ಹಾಕ್ಸ್ಯಾನೆ?"

ಸಾವ್ಕಾರ ತಿರುಗಿದ. ಅವನ ಜೊತೆಗೆ ಕೋಣೆಯೂ ತಿರುಗಿತು. ಸೋಮಪ್ಪ ಪೇಡೆಯ ತಟ್ಟೆ ಹಿಡಿದು ನಿಂತಿದ್ದ.

"ಸೋಮಪ್ಪಾ, ಆ ಅಂಗಿ ರಹಿಮಾನ್ ಕೈಯಾಗೆ ಕೊಟ್ಟೋನು ನೀನು. ಬಲಕ್ಕೆ ಅಂದೋನು ನೀನು. ಎಡ ಬಲ ನಿನಗೆ ಚೆನ್ನಾಗಿ ಗೊತ್ತು. ಸಾವ್ಕಾರ್ರಿಗೆ ಸೇವಾ ಪದಕ ಕೊಡ್ರಿ ಅಂತ ನೀನು ಎರಡು ಸಲ ಬರೆದಿದ್ದೆ. 'ಇವರ ಸೇವೆ ಏನು?' ಅಂತ ಎರಡು ಸಲವೂ ನಾವೇ ವಾಪಸ್ ಕಳಿಸಿದ್ವಿ. ಉಳಿದದ್ದು ಬಲಗಡೆ ಒಂದೇ. ಸಾವ್ಕಾರ್ರನ್ನ ಕೆಳಗಿನ ಮೆಟ್ಟಿಲ ಮ್ಯಾಲೆ ನಿಲ್ಲಿಸಿದೋನೂ ನೀನೇ, ನಿನ್ನ ಬಾಯಾಗೇ ಹೇಳ್ದೆ. ಆ ಹುಡುಗ ಉಜ್ಜಿನಿಯಾಗೆ ಏನಂದ ಗೊತ್ತಾ? 'ಯೂಸುಫ್ ಚಾಚಾ ಕಟ್ಟಿದ್ದು ಭಾಳ ಬಿಗಿ ಆಗೈತಿ ಅಂತ ಸೋಮಪ್ಪ ಮಾಮ ಬಿಚ್ಚಿ ಮತ್ತೆ ಕಟ್ಟಿದ.' ಇಷ್ಟು ದಿನ ಅವನ್ನ ಯಾರೂ ಕೇಳಿಲ್ಲ."

ತಟ್ಟೆ ಓರೆಯಾಯಿತು. ಪೇಡೆ ಒಂದೊಂದೇ ಜಾರಿ ಬಿದ್ದವು. ಸೋಮಪ್ಪ ಅವನ್ನು ಆರಿಸಲು ಬಗ್ಗಿದ, ಮತ್ತೆ ಏಳಲಿಲ್ಲ.

"ಸಾಯ್ಲಿ ಅಂತ ಮಾಡಿಲ್ರಿ" ಅಂದ, ನೆಲಕ್ಕೆ. "ಹುಡುಗ ಒಂದು ಗುಟುಕು ನೀರು ಕುಡೀತಿದ್ದ, ಸಾವ್ಕಾರ್ರು ಕೈ ಚಾಚಿ ಎತ್ತತಿದ್ರು. ಅಷ್ಟೇ ರೀ. ಈ ವರ್ಷ ಪದಕ ಬರಲಿಲ್ಲಂದ್ರ ಮಂಡಿ ಕಡಿ ಮುಖ ಹಾಕಬ್ಯಾಡ ಅಂದಿದ್ರು ಇವ್ರು. ನನ್ನ ಮನ್ಯಾಗ ಉಣ್ಣಾವ್ರು ಅದಾರ್ರಿ. ಯೂಸುಫ್ ಸಾಬ್ ಇಳಿಯಂಗಿಲ್ಲ ಅಂತ ತಿಳ್ಕಂಡಿದ್ದೆ. ಅದಕ್ಕ ರಂಜಾನ್ ತಿಂಗಳ ಶಿಬಿರ ಇಟ್ಟೆ. ರೋಜಾ ಇದ್ದವ ನೀರಿಗಿ ಹೆಂಗ ಇಳೀತಾನ್ರಿ? ರೋಜಾ ಮುರೀತೈತಲ್ರಿ!"

ಅವನು ನಿಜವಾಗಿಯೂ ಕೇಳುತ್ತಿದ್ದ. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಅವನಿಗೆ ಇನ್ನೂ ತಿಳಿದಿರಲಿಲ್ಲ.

ಉತ್ತರ ಬಾಗಿಲ ಬಳಿಯಿಂದ ಬಂತು.

"ರೋಜಾ ಮುರದ್ರ ಇನ್ನೊಂದು ದಿನ ಹಿಡದ್ರ ಆತು" ಅಂದ ರಹಿಮಾನ್. "ಹುಡುಗ ಇನ್ನೊಂದು ದಿನ ಸಿಗ್ತಾನೇನು?"

ಸದಸ್ಯರಲ್ಲಿ ಇಬ್ಬರು ಸೋಮಪ್ಪನನ್ನು ಎಬ್ಬಿಸಿ ಠಾಣೆಗೆ ಕರೆದುಕೊಂಡು ಹೋದರು. ಅವನು ಮೆಟ್ಟಿಲಿಳಿಯುತ್ತ ಅಭ್ಯಾಸಬಲದಿಂದ ಸಾವ್ಕಾರನಿಗೆ ಕೈ ಮುಗಿದ.

ಕರಿಸಿದ್ದಪ್ಪ ಗಂಟಲು ಸರಿಮಾಡಿಕೊಂಡ. "ಆಗಬಾರದ್ದು ಆತು. ನಾನ ಯೂಸುಫ್ ಸಾಬನ ಹೆಸರು ಶಿಫಾರಸು ಮಾಡ್ತೀನಿ. ಶೌರ್ಯ ಪದಕ. ದೊಡ್ಡ ಸಮಾರಂಭ ಮಾಡೋಣು."

"ನೀವು ಬ್ಯಾಡ್ರಿ" ಅಂದ ರಹಿಮಾನ್.

"ಹಂಗಂದ್ರ ಹೆಂಗಪ್ಪ, ಊರಾಗಿನವರು ಯಾರಾರ ಬರೀಬೇಕಲ್ಲ. ಅಮ್ಮಾರು ತಪಾಸಣಿಗಿ ಬಂದವರು, ಅವರು ಬರಿಯಂಗಿಲ್ಲ."

"ನಾ ಬರೀತೀನಿ" ಓಬಣ್ಣ ಅಂದ. ಆಮೇಲೆ ಭರಮಮ್ಮನ ಕಡೆ ತಿರುಗಿ, "ಹೆಬ್ಬಟ್ಟು ನಡೀತೈತೇನವ್ವ?"

"ನಡೀತೈತೆ."

"ಪದಕ ಕೊಡೋದು ಬಿಡೋದು ಅವರ ಮಾತು" ಅಂದ ರಹಿಮಾನ್. ಅವನ ದನಿ ಮೇಲೇರಲಿಲ್ಲ, ಕೆಳಗಿಳಿಯಲಿಲ್ಲ. ಅಂಗಿಯ ಅಳತೆ ಹೇಳುವ ಹಾಗೆ ಹೇಳಿದ. "ಸಾವ್ಕಾರ್ರ, ನಿಮ್ಮಿಂದ ನನಗ ಒಂದು ಬೇಕು. ಡಂಗುರ ಹೊಡಸ್ರಿ. ಊರೆಲ್ಲಾ. ಚಾದಂಗಡಿ ಮುಂದ, ಸಂತ್ಯಾಗ, ನಮ್ಮ ಓಣ್ಯಾಗ. ಮುಂದ ನೀವು ನಡೀರಿ."

"ನಾನಾ? ಡಂಗುರದ ಮುಂದ?"

"ಇಲ್ಲಂದ್ರೆ ಠಾಣೆಯಾಗೆ ನಿಮ್ಮ ಸುಳ್ಳಿಂದೂ ಬರಸ್ತೀನಿ" ಅಂದಳು ಭರಮಮ್ಮ. "ನಡೆದ್ರೂ ಬರಸ್ತೀನಿ. ಆದ್ರೂ ನಡೀರಿ."

*

ಸಂಜೆ ಮಳೆ ನಿಂತಿತ್ತು. ಡಂಗುರ ಸಾರುವ ಹುಲುಗಣ್ಣ ಹಲಗೆ ಕಾಯಿಸಿಕೊಂಡು ಬಂದ. ಅವನ ಮುಂದೆ ಕರಿಸಿದ್ದಪ್ಪ ಕೆಸರು ದಾಟುತ್ತ, ಯಾರ ಮುಖವನ್ನೂ ನೋಡದೆ ನಡೆದ. ಚಹಾದಂಗಡಿಯ ಮುಂದೆ ಹಲಗೆ ಬಡಿಯಿತು. ಲೋಟ ಹಿಡಿದವರು ಲೋಟ ಹಿಡಿದೇ ನಿಂತರು.

"ಕೇಳ್ರಪ್ಪೋ ಕೇಳ್ರಿ! ಯೂಸುಫ್ ಸಾಬ್ ಕಟ್ಟಿದ ಗಂಟು ಬಿಚ್ಚಿಲ್ಲ! ಬಿಚ್ಚಿದವ ಬ್ಯಾರೆ! ಹುಡುಗನ್ನ ಉಳಿಸಿ ಸತ್ತವ ಯೂಸುಫ್ ಸಾಬ್! ಕೇಳ್ರಪ್ಪೋ!"

ರಹಿಮಾನ್ ಮನೆಗೆ ಓಡಲಿಲ್ಲ, ನಡೆದೇ ಹೋದ. ಜೋಹರಾಬಿ ಬಾಗಿಲ ಹಿಂದೆ ನಿಂತಿದ್ದಳು. ಹೊಸ್ತಿಲಿನ ಒಳಗೆ, ಒಂದು ಗೇಣು ಈಚೆ. ಕದದ ಸಂದಿಯಲ್ಲಿ ಕಿವಿ.

ಹಲಗೆ ಓಣಿಗೆ ಬಂತು. ಮನೆಯ ಮುಂದೆ ನಿಂತು ಕೂಗಿತು. ನೆರೆಯವರು ಹೊರಗೆ ಬಂದರು. ಆಮೇಲೆ ಹಲಗೆ ತಿರುವಿನಲ್ಲಿ ಮರೆಯಾಗಿ, ಮುಂದಿನ ಓಣಿಯಲ್ಲಿ ಸಣ್ಣಗೆ ಕೇಳಿ, ಅದೂ ನಿಂತಿತು.

ಜೋಹರಾಬಿ ಕದದಿಂದ ಕಿವಿ ತೆಗೆಯಲಿಲ್ಲ.

"ರಹಿಮಾನ್."

"ಭಾಭಿ."

"ಇನ್ನೊಂದ್ ಸಲ ಈ ಓಣಿಗೆ ಬರಾಕ ಹೇಳೋ."